ಮಸೀದಿಗೆ ಮಣ್ಣು ಮೆತ್ತಲು ಬಿಡಿ

ಪಾರಂಪರಿಕ ಕಟ್ಟಡಗಳ ರಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ನೀವು ಉಳಿಸಲು ಹೊರಟ ನಮ್ಮ ಮಣ್ಣಿನ ಮಸೀದಿ, ನೀವು ಉಳಿಸುತ್ತಿರುವುದರಿಂದಲೇ ಬೀಳುತ್ತಿದೆ. ಹೋದ ವರ್ಷ ‘ಅಮೂಲ್ಯ ಕಟ್ಟಡ, ಯಾರೂ ಮುಟ್ಟಬಾರದು’ ಎಂದು ಫಲಕ ನೆಟ್ಟು ಹೋದಿರಿ. ತಜ್ಞರು ಬಂದು ನೋಡುವವರೆಗೆ ಮಣ್ಣು ಮೆತ್ತುವಂತಿಲ್ಲ ಎಂದಿರಿ. ತಜ್ಞರು ಬರಲಿಲ್ಲ, ಮಳೆ ಬಂತು. ಮಳೆಗೆ ಓದಲು ಬರುವುದಿಲ್ಲ ನೋಡಿ, ಮುಟ್ಟಿಯೇಬಿಟ್ಟಿತು. ಕದ್ದು ಮೆತ್ತಲು ಹೋದ ನಮ್ಮ ಹುಡುಗರಿಬ್ಬರನ್ನು ಮಾತ್ರ ನಿಮ್ಮವರು ಠಾಣೆಯಲ್ಲಿ ಕೂರಿಸಿದರು.

ನಾನು ತವರೂರ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು. ಒಳ್ಳೆಯ ಕಟ್ಟಡ ಯಾವುದೆಂದು ನಿಮಗೆ ಹೇಳುವಷ್ಟು ದೊಡ್ಡವಳಲ್ಲ. ಆದರೆ ಗೋಡೆಯಿಂದ ಹೊರಚಾಚಿದ ಮರದ ತುಂಡುಗಳನ್ನು ನಿಮ್ಮವರು ಅಷ್ಟೊಂದು ಫೋಟೊ ತೆಗೆದುಕೊಂಡರಲ್ಲ, ಅವು ಅಂದಕ್ಕೆ ಇಟ್ಟದ್ದಲ್ಲ. ವರ್ಷವರ್ಷವೂ ಮಣ್ಣು ಮೆತ್ತುವವರು ಕಾಲಿಟ್ಟು ಹತ್ತಲೆಂದು ಕಟ್ಟಿದವರೇ ಬಿಟ್ಟುಹೋದದ್ದು. ಇನ್ನೂ ಹುಟ್ಟದ ಮೊಮ್ಮಕ್ಕಳು ಬಂದೇ ಬರುತ್ತಾರೆಂದು ನಂಬಿ ಕಟ್ಟಿದರು. ಇದಕ್ಕಿಂತ ಒಳ್ಳೆಯ ಕಟ್ಟಡ ನಿಮ್ಮ ಪುಸ್ತಕದಲ್ಲಿ ಯಾವುದಿದೆ?

ಮದುವೆಯಾಗಿ ಬಂದ ಹೊಸತರಲ್ಲಿ ನಾನಿಲ್ಲಿ ಯಾರಿಗೂ ಬೇಡದ ಹೊರಗಿನವಳು. ಮಣ್ಣು ಮೆತ್ತುವ ದಿನ ನಾನು ಬಾನಿ ನದಿಯಿಂದ ನೀರು ಹೊತ್ತು ತಂದಾಗ ನಾದಿನಿ ವಾಸ್ಸಾ, ಭತ್ತದ ಹೊಟ್ಟು ಬೆರೆಸಿ ಕೊಳೆಸಿದ ಕೆಸರನ್ನು ನನ್ನ ಕೆನ್ನೆಗೆ ಬಳಿದಳು.

“ಏನತ್ತಿಗೆ, ನಿಮ್ ತವರಲ್ಲಿ ಅಲಸಂದೆ ತಿನ್ನೋದೊಂದೇ ಕಲಿಸಿದ್ದಾ? ಬಿಂದಿಗೆ ಅರ್ಧ ಖಾಲಿ!” ಅಲಸಂದೆ ತಿನ್ನುವವರೆಂದು ಹಂಗಿಸುವುದು ನಮ್ಮಲ್ಲಿ ಸಲುಗೆಯ ತಮಾಷೆ.

“ನಿಮ್ಮಣ್ಣನ ಭಾರ ಹೊತ್ತು ಸುಸ್ತಾಗಿದೆ ಕಣೇ, ಇವತ್ತು ಅರ್ಧವೇ ಗತಿ,” ಎಂದೆ.

ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು. ಅಂದಿನಿಂದ ನಾನು ಈ ಊರವಳು.

ಆ ಗೋಡೆ ಈಗ ಗೋಪುರದ ಬುಡದವರೆಗೂ ಬಿರಿದಿದೆ. ನನ್ನ ಗಂಡ ಫುಸೇನಿ ಅಜಾನ್ ಕೂಗುವವರು. ಬಿರುಕುಬಿಟ್ಟ ಗೋಪುರದೊಳಗಿನ ಮೆಟ್ಟಿಲನ್ನು ದಿನದ ಐದು ಹೊತ್ತೂ ಹತ್ತುತ್ತಾರೆ. “ನಿಮ್ ಕಾಲಿಗೆ ಬೀಳ್ತೀನಿ, ಅಂಗಳದಲ್ಲೇ ನಿಂತು ಕೂಗ್ರೀ,” ಅಂದರೆ, “ಅದಿನ್ನೂ ನಿಂತಿದೆಯಲ್ಲೇ, ನಾನೇ ಮೊದ್ಲು ಕೈಬಿಟ್ರೆ ಹೆಂಗೆ?” ಅನ್ನುತ್ತಾರೆ. ಅವರು ಕೆಳಗಿಳಿದು ಕೆಮ್ಮುವುದು ಕೇಳುವವರೆಗೆ ನನ್ನ ಉಸಿರು ನನ್ನದಲ್ಲ. ನಮಾಜಿಗೆ ನಿಂತರೆ ಅಲ್ಲಾಹನ ಹೆಸರಿಗಿಂತ ಮೊದಲು ಗಂಡನ ಹೆಸರು ಬಾಯಿಗೆ ಬರುತ್ತಿದೆ. ಈ ಪಾಪವನ್ನು ಯಾರ ತಲೆಗೆ ಕಟ್ಟಲಿ, ನನಗೋ, ನಿಮ್ಮ ಫಲಕಕ್ಕೋ?

ಹೊಂಡದಲ್ಲಿ ಕೆಸರು ಹದವಾಗಿ ಕೊಳೆತಿದೆ. ದಕ್ಷಿಣಕ್ಕೆ ಮೋಡ ಕಾಣಿಸಿದೆ. ಮಳೆ ಬೀಳುವ ಮುಂಚೆ ಫಲಕ ಕೀಳಿಸಿ. ಆಗದಿದ್ದರೆ ನೀವೇ ಬನ್ನಿ, ಒಂದೇ ಒಂದು ಅಜಾನ್ ಮುಗಿಯುವವರೆಗೆ ಆ ಗೋಪುರದ ಕೆಳಗೆ ನನ್ನ ಪಕ್ಕ ನಿಲ್ಲಿ. ಆಮೇಲೂ ಬಾಯಿ ಬಂದರೆ, ಮುಟ್ಟಬೇಡಿ ಅನ್ನಿ.

ಇಂತಿ,
ಖಾಲಿ ಬಿಂದಿಗೆ ಹಿಡಿದು ನಿಮ್ಮ ಅಪ್ಪಣೆ ಕಾಯುತ್ತಿರುವ
ನ್ಯಾಗಾಲೆ ಸಮಾಕೆ