ಗುರುತಿನ ಸಹಿ

ನರೋಣಾ
8-12-1993

ಬಳೆಗಾರ ಖಾಸೀಂ ಕಾಕಾನವರಿಗೆ ಶಿವಕಾಂತಾಳ ಶರಣಾರ್ಥಿ.

ಭೂಕಂಪದಲ್ಲಿ ನಮ್ಮೂರು ನೆಲಸಮವಾದ ಮೇಲೆ ನಾನೊಬ್ಬಳೇ ಮಹಾರಾಷ್ಟ್ರದ ಗಡಿ ದಾಟಿ ಇಲ್ಲಿಗೆ ಬಂದಿದ್ದೇನೆ. ಸರಕಾರದ ಪರಿಹಾರ ಸಿಗಲು ಬ್ಯಾಂಕಿನಲ್ಲಿ ಖಾತೆ ಬೇಕಂತೆ. “ನಿನ್ನ ಗುರ್ತ ಇದ್ದ ಖಾತೇದಾರರ ಸಹಿ ತಗೊಂಡ ಬಾ ಬೇ” ಎಂದರು ಆಳಂದದ ಬ್ಯಾಂಕಿನ ಸಾಹೇಬರು. ನನ್ನ ಗುರುತಿದ್ದವರೆಲ್ಲ, ನಮ್ಮ ಯಜಮಾನರೂ ಸೇರಿ, ಮಣ್ಣಿನಡಿ ಹೋದರು. ಅವರ ಸಹಿ ನಡೆಯುತ್ತದೇನು ಎಂದು ಕೇಳಿಬಿಟ್ಟೆ.

ಅಲ್ಲಿ ಖಾತೆಯಿದ್ದು ನನ್ನನ್ನೂ ಬಲ್ಲವರು ನೀವೊಬ್ಬರೇ. ಪ್ರತಿ ಪಂಚಮಿಗೆ ನಮ್ಮ ಕಟ್ಟೆಯ ಮೇಲೆ ಬಳೆ ತೊಡಿಸುತ್ತ, “ಕಣ್ಣು ಮುಚ್ಚಿದ್ರೂ ನಿನ್ನ ಕೈ ಗುರ್ತ ಹಿಡಿತೇನಿ, ಮಗಳ” ಅನ್ನುತ್ತಿದ್ದಿರಿ. ಮುಖ ಮರೆತಿದ್ದರೆ ಕೈ ನೋಡಿರಿ.

ಇಪ್ಪತ್ತನೇ ತಾರೀಖು ಸೋಮವಾರ ಹತ್ತಕ್ಕೆ ಬ್ಯಾಂಕಿನ ಬಾಗಿಲಲ್ಲಿ ನಿಂತಿರುತ್ತೇನೆ. ಬಳೆಯ ಪೆಟ್ಟಿಗೆ ಮನೆಯಲ್ಲೇ ಬಿಟ್ಟು ಬನ್ನಿರಿ, ಕಾಕಾ.

ನಿಮ್ಮ ಮಗಳಂಥವಳು,
ಶಿವಕಾಂತಾ