ಬೀಗದಂಗಡಿಯವರು ಕೊಟ್ಟ ಹನ್ನೆರಡು ಪದ

ರೀ,

ಬೆಳಗಿನ ಪಾಳಿಗೆ ಹೊರಟೆ. ಎಬ್ಬಿಸಿದರೆ ಜಗಳವಾಗುತ್ತದೆ, ಅದಕ್ಕೇ ಈ ಚೀಟಿ.

ನಿಮ್ಮ ಫೋನು ಆಫ್ ಮಾಡಿ ಫ್ರಿಜ್ಜಿನ ಮೇಲಿಟ್ಟಿದ್ದೇನೆ. ಆನ್ ಮಾಡಿದ ಮೇಲೂ ಕಸ್ಟಮರ್ ಕೇರ್ ಅಂತ ಯಾರು ಫೋನು ಮಾಡಿದರೂ ಎತ್ತಬೇಡಿ. ನಿನ್ನೆ ನಮ್ಮ ಕ್ರಿಪ್ಟೊ ಖಾತೆ ಗುಡಿಸಿ ಗುಂಡಾಂತರ ಮಾಡಿದವನೇ ಇವತ್ತು ಬೇರೆ ದನಿಯಲ್ಲಿ 'ಹೋದದ್ದನ್ನ ವಾಪಸ್ ಕೊಡಿಸ್ತೀವಿ ಸರ್' ಅನ್ನುತ್ತಾನೆ. ಖಾತೆಗೆ ಕೀಲಿಕೈ ಇದ್ದಂತೆ ಇರುವ ಆ ಹನ್ನೆರಡು ಗುಟ್ಟಿನ ಪದಗಳನ್ನು ಅಸಲಿ ಕಂಪನಿಯವರು ಯಾವತ್ತೂ ಕೇಳುವುದಿಲ್ಲ.

ಹೋದ ವರ್ಷ ಆ ಪದಗಳನ್ನು ನನಗೂ ಹೇಳಿ ಅಂತ ಕೇಳಿದ್ದೆ. 'ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲಲ್ಲ' ಅಂದಿರಿ. ನಿನ್ನೆ ಅವನು 'ಯಾರೋ ನಿಮ್ಮ ಖಾತೆಗೆ ಕೈ ಹಾಕಿದಾರೆ, ಬೀಗ ಹಾಕೋಣ ಸರ್' ಅಂದ. ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿ ಹೇಳಿದಿರಿ. ಒಲೆ ಮುಂದಿದ್ದ ನಾನು, ಪದಬಂಧ ಬಿಡಿಸುತ್ತಿದ್ದೀರಿ ಅಂದುಕೊಂಡೆ.

ಇಪ್ಪತ್ತು ವರ್ಷದಿಂದ ಬೀಗ ರಿಪೇರಿ ಮಾಡುವವರು ನೀವು. ಡೂಪ್ಲಿಕೇಟ್ ಕೀ ಮಾಡಿಸಲು ಬಂದ ನನ್ನ ಸ್ವಂತ ತಮ್ಮನಿಗೇ ಗುರುತಿನ ಚೀಟಿ ತೋರಿಸು ಅಂದವರು.

ಪೊಲೀಸರಿಗೆ ದೂರು ಬರೆದು ಮೇಜಿನ ಮೇಲಿಟ್ಟಿದ್ದೇನೆ. ಸಹಿ ಹಾಕಿ ಕೊಟ್ಟು ಬನ್ನಿ. ನಾಚಿಕೆ ಅಂತ ಮುಚ್ಚಿಟ್ಟರೆ ಅವನಿಗೇ ಲಾಭ.

ಫ್ಲಾಸ್ಕಿನಲ್ಲಿ ಟೀ ಇದೆ. ಮಾತ್ರೆ ನುಂಗಿ. ಸಿಟ್ಟು ಬಂದಿರುವುದು ನನಗೆ, ಬಿಪಿ ಇರುವುದು ನಿಮಗೆ.

ಮಗಳ ಹೆಸರಿನ ಖಾತೆಯೊಂದು ಉಳಿದಿದೆ. ಅದರ ಪದಗಳ ಕಾಗದ ನಿಮ್ಮ ಹಳೇ ಬೀಗಗಳ ಡಬ್ಬಿಯಲ್ಲಿತ್ತು. ಈಗ ನನ್ನ ಹತ್ತಿರ ಇದೆ. ಬೇಕಿದ್ದರೆ ಕೇಳಿ, ಬರುವಾಗ ಗುರುತಿನ ಚೀಟಿ ತನ್ನಿ.