ಹಾಸ್ಟೆಲಿನ ಹೂವಿನ ಪಾತಿ ಮತ್ತು ಹದಿನಾಲ್ಕು ಗ್ರಾಮಗಳು

ಗ್ರಾಮವಾಸ ಕಾರ್ಯಕ್ರಮದ ಮಾನ್ಯ ಸಂಯೋಜಕರೇ,

ಬೇಸಾಯಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿನಿಯಾದ ನನ್ನನ್ನು ತಾವು ನಪಾಸು ಮಾಡಿದ್ದೀರಿ. ಗದ್ದೆಯ ಮಣ್ಣಿನ ಮಾದರಿಯನ್ನು ಒಂದು ದಿನ ತಡವಾಗಿ ತೆಗೆದೆನೆಂಬುದು ನನ್ನ ಅಪರಾಧ. ಇದರಿಂದ ನನ್ನ ಪದವಿ ಒಂದು ವರ್ಷ ಮುಂದೆ ಹೋಗಿದೆ. ಇಲ್ಲಿಯ ಸರಕಾರಿ ಭಾಷೆಯಾದ ಮಲಯಾಳದಲ್ಲಿ ತಮಗೆ ಎರಡು ಅರ್ಜಿ ಕೊಟ್ಟೆ, ಇಂಗ್ಲಿಷಿನಲ್ಲಿ ಒಂದು ಕೊಟ್ಟೆ. ಮೂರೂ ತಮ್ಮ ಮೇಜಿನಲ್ಲಿ ಸುಖನಿದ್ರೆಯಲ್ಲಿವೆ. ಆದ್ದರಿಂದ ಈ ಸಲ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ವಿಷಯ ತಿಳಿಯದವರಿಗಾಗಿ ಹೇಳುತ್ತೇನೆ. ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷ ಒಬ್ಬೊಬ್ಬರನ್ನು ಒಂದೊಂದು ಗ್ರಾಮಕ್ಕೆ, ಒಂದೊಂದು ರೈತರ ಮನೆಗೆ ಕಳಿಸುತ್ತಾರೆ. ಹದಿನೈದು ಮಂದಿಯ ತಂಡದಲ್ಲಿ ನನ್ನ ಪಾಲಿಗೆ ಬಂದದ್ದು ಬೆಳ್ಳೂರಿನ ಸುಂದರಿ ಅಕ್ಕನ ಮನೆ. ನಾನು ಉಪ್ಪಳದ ಬ್ಯಾರಿ ಮನೆಯವಳು. ಉಪ್ಪ, ಅಂದರೆ ನನ್ನ ತಂದೆ ಕುಂಞಮ್ಮದ್ ಅವರದು ಚಪ್ಪಲಿ ಅಂಗಡಿ. ನಮಗೆ ಮಣ್ಣೆಂದರೆ ಗಿರಾಕಿಗಳ ಕಾಲಿನಲ್ಲಿ ಬಂದು, ಸಂಜೆ ಗುಡಿಸಿ ಹಾಕುವ ವಸ್ತು. ಅಂಥವಳಿಗೆ ಸುಂದರಿ ಅಕ್ಕ ಸುಗ್ಗಿ ಬೆಳೆಯ ಕೊಯ್ಲಿನಲ್ಲಿ ಕತ್ತಿ ಹಿಡಿಯುವುದನ್ನೂ, ಬರಿಗಾಲಲ್ಲಿ ನಿಂತು ಗದ್ದೆಯ ತೇವ ತಿಳಿಯುವುದನ್ನೂ ಕಲಿಸಿದರು. ತಮ್ಮ ಮೂರು ವರ್ಷದ ಸ್ಲೈಡುಗಳು ಅಷ್ಟು ಕಲಿಸಿರಲಿಲ್ಲ ಎಂದರೆ ತಾವು ಬೇಸರಿಸಬಾರದು.

ಫೆಬ್ರವರಿಯಲ್ಲಿ ತಮ್ಮ ಸುತ್ತೋಲೆ ಬಂತು. ಗದ್ದೆಯ ಐದು ಕಡೆ ಗೇಣುದ್ದ ಅಗೆದು ಮಣ್ಣು ತೆಗೆಯಬೇಕು, ಫೋಟೋ ಹಾಕಬೇಕು, ಮೂರನೆಯ ದಿನ ಸಂಜೆ ಐದಕ್ಕೆ ಪೋರ್ಟಲ್ ಮುಚ್ಚುತ್ತದೆ. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ತಾವು ಆರಿಸಿ ತೆಗೆದ ಆ ಮೂರು ದಿನಗಳು ಯಾವುವು ಗೊತ್ತೇ? ಕೆಡ್ಡಸ! ತುಳುವರ ನಂಬಿಕೆಯಲ್ಲಿ ಭೂಮಿತಾಯಿ ಮುಟ್ಟಾಗುವ ದಿನಗಳು. ಅಗೆಯುವಂತಿಲ್ಲ, ಉಳುವಂತಿಲ್ಲ, ದನ ಕಟ್ಟುವ ಗೂಟವನ್ನೂ ಹೊಡೆಯುವಂತಿಲ್ಲ. ಈ ಜಿಲ್ಲೆಯಲ್ಲಿ ಕೂತು ಕೃಷಿ ಕಲಿಸುವವರಿಗೆ ಇದನ್ನು ಯಾರೂ ಹೇಳಲಿಲ್ಲವೇ, ಅಥವಾ ತಾವು ಯಾರನ್ನೂ ಕೇಳಲಿಲ್ಲವೇ?

ಮೊದಲ ದಿನ ನಾನೂ ತಮ್ಮಷ್ಟೇ ಬುದ್ಧಿವಂತೆಯಾಗಿದ್ದೆ. ಪಿಕ್ಕಾಸು ಹಿಡಿದು ಗದ್ದೆಗಿಳಿದೆ. ಸುಂದರಿ ಅಕ್ಕ ಓಡಿಬಂದು, ನಾನು ಅಗೆಯಬೇಕಿದ್ದ ಜಾಗದಲ್ಲೇ ಕಾಲು ಚಾಚಿ ಕೂತುಬಿಟ್ಟರು.

“ಎಂತ ಮಾಡ್ತಿ ನೀನು? ಇವತ್ತು ಮಣ್ಣಿಗೆ ಕಬ್ಬಿಣ ತಾಗಿಸ್ಲಿಕ್ಕೆ ಉಂಟಾ?”

“ಒಂದು ಗೇಣು ಸಾಕು ಅಕ್ಕಾ. ಪೋರ್ಟಲ್ ಬಂದ್ ಆಗ್ತದೆ.”

“ಮೊನ್ನೆ ನಿನಗೆ ಆದಾಗ ಹೊಟ್ಟೆನೋವು ಅಂತ ಮಲಗಿದ್ದಿಯಲ್ಲ, ನಾನು ಪಿಕ್ಕಾಸು ಹಿಡ್ಕೊಂಡು ಎಬ್ಬಿಸ್ಲಿಕ್ಕೆ ಬಂದೆನಾ?”

ಪಿಕ್ಕಾಸನ್ನು ಕೊಟ್ಟಿಗೆಯಲ್ಲಿಟ್ಟು ಬಂದೆ. ನಾಲ್ಕನೆಯ ದಿನ ಬೆಳಗ್ಗೆ ಅವರೇ ನನ್ನನ್ನು ಎಬ್ಬಿಸಿ, “ಬಾ, ಈಗ ಎಷ್ಟು ಬೇಕಾದ್ರೂ ಅಗಿ ಮಾರಾಯ್ತಿ” ಎಂದರು. ಐದು ಕಡೆ ಅಗೆದೆ, ಕಲ್ಲು ಬೇರು ಹೆಕ್ಕಿದೆ, ನೆರಳಿನಲ್ಲಿ ಒಣಗಿಸಿ ಬಟ್ಟೆಚೀಲದಲ್ಲಿ ತಂದೆ. ತಾವು ಚೀಲ ಬಿಚ್ಚಲೇ ಇಲ್ಲ. ಆ ಒಂದು ದಿನದಲ್ಲಿ ಮಣ್ಣಿನ ರಂಜಕವೇನು ಮಂಗಳೂರು ಬಸ್ಸು ಹತ್ತಿ ಹೋಗಿತ್ತೇ?

“ನೀನು ಮುಸ್ಲಿಂ ಹುಡುಗಿ ಅಲ್ವಾ, ನಿನಗೆಂತ ಕೆಡ್ಡಸ?” ಎಂದು ತಾವು ಕೇಳಿದಿರಿ. ನನಗೆ ಕೆಡ್ಡಸವಿಲ್ಲ, ನಿಜ. ಆದರೆ ಗದ್ದೆಯೂ ನನ್ನದಲ್ಲವಲ್ಲ! ಇನ್ನೊಬ್ಬರ ಮನೆಗೆ ಹೋದಾಗ ಮನೆಯಾಕೆ ಬೇಡವೆಂದ ಕೋಣೆಗೆ ನುಗ್ಗಬಾರದೆಂದು ಹೆತ್ತ ಉಮ್ಮ ಕಲಿಸಿದ್ದಾರೆ. ಆ ಪಾಠಕ್ಕೆ ಜಾತಿ ಮತ ಇರುವುದು ನನಗೆ ಗೊತ್ತಿರಲಿಲ್ಲ.

ಆಮೇಲೆ, ಉಳಿದ ಹದಿನಾಲ್ಕು ಮಂದಿ ಸಮಯಕ್ಕೆ ಸರಿಯಾಗಿ ಮಣ್ಣು ಕೊಟ್ಟದ್ದನ್ನು ಹೇಳಿ ನನ್ನನ್ನು ನಾಚಿಸಿದಿರಿ. ಕೊಟ್ಟಿದ್ದಾರೆ, ಸುಳ್ಳಲ್ಲ. ಅವರ ಊರುಗಳಲ್ಲೂ ಕೆಡ್ಡಸವೇ. ಅವರನ್ನೂ ಯಾರೂ ಗದ್ದೆ ಅಗೆಯಲು ಬಿಡಲಿಲ್ಲ. ಅದಕ್ಕೆ ಅವರು ಹಾಸ್ಟೆಲಿಗೆ ಬಂದು, ಅಡುಗೆಮನೆಯ ಹಿಂದಿನ ಹೂವಿನ ಪಾತಿಯನ್ನು ಅಗೆದು ಹದಿನಾಲ್ಕು ಚೀಲ ತುಂಬಿದರು. ಮಣ್ಣಿನ ಹುಳಿ ಕಳೆಯುವ ಒಲೆಯ ಬೂದಿಯನ್ನೆಲ್ಲ ಸುರಿಯುವುದು ಅದೇ ಪಾತಿಗೆ. ಫಲಿತಾಂಶ ಬಂದಾಗ ವರ್ಕಾಡಿಯಿಂದ ಮುಳ್ಳೇರಿಯದವರೆಗೆ ಹದಿನಾಲ್ಕು ಗ್ರಾಮಗಳ ಮಣ್ಣು ಅವಳಿಜವಳಿ ಮಕ್ಕಳ ಹಾಗೆ ಒಂದೇ ತೆರ. ನಮ್ಮ ಕೆಂಪು ಮುರಕಲ್ಲಿನ ಹುಳಿ ಮಣ್ಣು ಒಂದೇ ವಾರದಲ್ಲಿ ಹುಳಿ ಬಿಟ್ಟಿತ್ತು. ವಿಜ್ಞಾನದ ಈ ಪವಾಡಕ್ಕೆ ತಾವು ‘ಅತ್ಯುತ್ತಮ’ ಎಂದು ಷರಾ ಬರೆದಿರಿ.

ಜೊತೆಯವರ ಮೇಲೆ ನನಗೆ ಸಿಟ್ಟಿಲ್ಲ. ನಾನೇನು ಹರಿಶ್ಚಂದ್ರನ ಮೊಮ್ಮಗಳಲ್ಲ. ಎರಡನೆಯ ದಿನ ನಾನೂ ಹಾಸ್ಟೆಲಿಗೆಂದು ಹೊರಟು ಸ್ಟಾಪಿನಲ್ಲಿ ಎರಡು ಗಂಟೆ ನಿಂತಿದ್ದೆ. ಬಸ್ಸು ಬರಲಿಲ್ಲ. ಹಿಂದಿರುಗಿ ಬಂದವಳಿಗೆ ಸುಂದರಿ ಅಕ್ಕ ಹುರಿದ ಅಕ್ಕಿಹಿಟ್ಟಿಗೆ ಬೆಲ್ಲ ತೆಂಗಿನಕಾಯಿ ಬೆರೆಸಿದ ಕೆಡ್ಡಸದ ನನ್ನೆರಿಯನ್ನು ಕೈತುಂಬ ಕೊಟ್ಟರು. ಅದನ್ನು ತಿಂದ ಮೇಲೆ ಅವರ ಹೆಸರಿನಲ್ಲಿ ಬೇರೆಲ್ಲಿಯದೋ ಮಣ್ಣು ಕೊಡಲು ನನ್ನಿಂದಾಗಲಿಲ್ಲ.

ಇಷ್ಟಾದರೆ ನಕ್ಕು ಬಿಡಬಹುದಿತ್ತು. ಆದರೆ ತಾವು ಆ ಫಲಿತಾಂಶಗಳನ್ನು ಕಾರ್ಡು ಮಾಡಿ ರೈತರಿಗೆ ಹಂಚಿದ್ದೀರಿ. ಮುಳ್ಳೇರಿಯದ ರೈತ ಬಟ್ಯಣ್ಣ ಹುಳಿ ಕಳೆಯಲೆಂದು ವರ್ಷವೂ ಗದ್ದೆಗೆ ಸುಣ್ಣ ಹಾಕುವವರು. ಈ ಸಲ ನನಗೆ ಕಾರ್ಡು ತೋರಿಸಿ, “ಕಲಿತ ಮಕ್ಕಳು ಬೇಡ ಅಂತ ಬರ್ದಿದ್ದಾರೆ, ಇನ್ನು ನಮ್ದೆಂತ ಉಂಟು?” ಎಂದು, ತಂದಿಟ್ಟ ಸುಣ್ಣವನ್ನು ಭಾವನಿಗೆ ಕೊಟ್ಟುಬಿಟ್ಟಿದ್ದಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರ ಮುಖದಲ್ಲಿದ್ದ ನಂಬಿಕೆಯನ್ನು ನೋಡಿ ನನಗೆ ಅಳು ಬಂತು. ನಪಾಸಾದ ದಿನವೂ ನಾನು ಅತ್ತಿರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಮಳೆ ಬೀಳುವ ಮೊದಲು ಆ ಕಾರ್ಡುಗಳನ್ನು ವಾಪಸು ತೆಗೆದುಕೊಳ್ಳಿ. ಹದಿನಾಲ್ಕು ಊರಿಗೂ ಹೋಗಿ, ಯಜಮಾನರನ್ನು ಕೇಳಿ, ಮಣ್ಣು ತೆಗೆಸಿ. ಅಗೆಯಲು ಜನ ಸಾಲದಿದ್ದರೆ ನಾನು ಬರುತ್ತೇನೆ. ನನ್ನ ಚೀಲವನ್ನೂ ಒಮ್ಮೆ ಬಿಚ್ಚಿ ನೋಡಿ. ಇಷ್ಟಾದ ಮೇಲೂ ನನ್ನನ್ನು ನಪಾಸು ಮಾಡಲೇಬೇಕೆಂದು ತಮಗನಿಸಿದರೆ ಖಂಡಿತ ಮಾಡಿ, ಇನ್ನೊಂದು ವರ್ಷ ಕಲಿಯುತ್ತೇನೆ. ಆದರೆ ಕಾರಣದ ಕಾಲಮಿನಲ್ಲಿ ‘ತಡ’ ಎಂದು ಬರೆಯಬೇಡಿ. ‘ಈ ವಿದ್ಯಾರ್ಥಿನಿಯು ಗದ್ದೆಯ ಮಣ್ಣನ್ನು ಗದ್ದೆಯಿಂದಲೇ ತಂದಿದ್ದಾಳೆ’ ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿ.

ಇಂತಿ,
ಈ ವರ್ಷ ಪದವೀಧರೆಯಾಗಬೇಕಿದ್ದ, ಸದ್ಯ ಬೆಳ್ಳೂರಿನಲ್ಲಿ ಸೌತೆಬಳ್ಳಿಗೆ ನೀರು ಹಾಕುತ್ತಿರುವ
ನುಸೈಬಾ